ವಾರಂಟಿಯ ಕೊನೆಯ ದಿನ

“ಇದು ನೀರು ಕುಡಿದುಬಿಟ್ಟಿದೆ ಮೇಡಂ. ಇದರಿಂದ ಏನೂ ಓದೋಕಾಗಲ್ಲ,” ಎನ್ನುತ್ತ ಶೋರೂಮಿನ ಹುಡುಗಿ ರೋಸ್ಲಿನ್ ಕಾರಿನ ಕೀಲಿಯನ್ನು ಗಾಜಿನ ಮೇಜಿನ ಮೇಲಿಟ್ಟಳು. “ಇನ್ನೊಂದು ಇರ್ಬೇಕಲ್ಲ?”

ಕೀಲಿ ಗಾಜಿಗೆ ತಾಗಿದ ಸದ್ದು ವಸಂತಾಮಣಿಗೆ ಸ್ವಲ್ಪ ತಡವಾಗಿ ಕೇಳಿಸಿತು. ಹದಿನೇಳು ದಿನಗಳಿಂದ ಎಲ್ಲವೂ ಹೀಗೇ. ಮೊದಲು ಕಾಣಿಸುತ್ತಿತ್ತು, ಆಮೇಲೆ ಕೇಳಿಸುತ್ತಿತ್ತು. ಅರ್ಥವಾಗುವುದು ಅದಕ್ಕೂ ಆಮೇಲೆ.

ಆ ಕೀಲಿ ಅವಳ ಗಂಡ ದೈವಸಿಗಾಮಣಿಯ ಅಂಗಿಯ ಜೇಬಿನಲ್ಲಿತ್ತು. ತೊಂಡಾಮುತ್ತೂರಿನ ತೋಟದ ಬಾವಿಯಿಂದ ಅವನನ್ನು ಮೇಲೆತ್ತಿದಾಗ ಅದೂ ಮೇಲೆ ಬಂದಿತ್ತು. ಕಾಲು ಜಾರಿ ಬಿದ್ದದ್ದು ಎಂದು ಪೊಲೀಸರು ಬರೆದು ಮುಗಿಸಿದ್ದರು. ಕಾರು ಮನೆಯ ಮುಂದೆಯೇ ನಿಂತಿರುವಾಗ ಹದಿನೆಂಟು ಕಿಲೋಮೀಟರು ದೂರದ ತೋಟಕ್ಕೆ ಅವನು ಹೋದದ್ದು ಹೇಗೆ ಎಂಬುದನ್ನು ಮಾತ್ರ ಯಾರೂ ಬರೆದಿರಲಿಲ್ಲ.

“ಇದೆ,” ಎಂದಳು ವಸಂತಾಮಣಿ. ಕೈಚೀಲದಿಂದ ಹಳದಿ ಬಟ್ಟೆಯ ಪುಟ್ಟ ಗಂಟನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಬಿಚ್ಚಲಿಲ್ಲ.

“ಎರಡನೇ ಕೀಲಿ ಯಾಕಮ್ಮಾ ಈಗ?” ಪಕ್ಕದ ಸೋಫಾದಲ್ಲಿದ್ದ ಅಣ್ಣ ನಾಚಿಮುತ್ತು ಕೇಳಿದ. ಅವನು ಪೊಳ್ಳಾಚಿಯ ಕೊಬ್ಬರಿ ವ್ಯಾಪಾರಿ. ಬಿಳಿ ಪಂಚೆ, ಹಣೆಯ ತುಂಬ ವಿಭೂತಿ. ಕೈಯಲ್ಲಿದ್ದ ಕಾಗದದ ಲೋಟದೊಳಗೆ ಒಮ್ಮೆ ಇಣುಕಿ ಮುಖ ಕಿವುಚಿದ. “ಇಷ್ಟು ದೊಡ್ಡ ಶೋರೂಮು ಕಟ್ಟಿದೀರಿ. ಒಂದು ಲೋಟ ಕಾಫಿ ಮಾಡೋರು ಸಿಗಲಿಲ್ವಾ?”

“ಮಷಿನ್ ಕಾಫಿ ಸಾರ್,” ಎಂದು ರೋಸ್ಲಿನ್ ನಕ್ಕಳು.

“ಮಷಿನ್ನಿಗೂ ಒಂದು ವಾರಂಟಿ ಮಾಡಿಸಿ, ತಾಯಿ.”

ಅವಳು ನಗು ನಿಲ್ಲಿಸದೆಯೇ ಕಾಗದಗಳನ್ನು ಹರಡಿದಳು. ಮೂರು ವರ್ಷದ ಹಿಂದೆ ಕಾರಿನ ಜೊತೆ ಬಂದ ವಾರಂಟಿ ಈ ದಿನಕ್ಕೆ ಮುಗಿಯುತ್ತದೆ. ಇನ್ನೆರಡು ವರ್ಷಕ್ಕೆ ಅದನ್ನು ಮುಂದುವರಿಸಬಹುದು. ಆದರೆ ಸಂಜೆ ಆರರೊಳಗೆ ಸಹಿ ಆಗಬೇಕು. ನಾಳೆಯಾದರೆ ಜರ್ಮನಿಯಿಂದ ದೊಡ್ಡ ಸಾಹೇಬರೇ ಬಂದರೂ ಆಗುವುದಿಲ್ಲ. ಈ ಭೇಟಿಯನ್ನು ದೈವಸಿಗಾಮಣಿಯೇ ತಿಂಗಳ ಹಿಂದೆ ಗೊತ್ತು ಮಾಡಿಟ್ಟಿದ್ದ.

“ಎರಡು ವರ್ಷಕ್ಕೆ ಎರಡೂಕಾಲು ಲಕ್ಷ ಮೇಡಂ. ಜಾಸ್ತಿ ಅನ್ಸುತ್ತೆ. ಆದ್ರೆ ಗೇರ್‌ಬಾಕ್ಸ್ ಒಂದು ಹೋದ್ರೆ ಅದೇ ಎಂಟು ಲಕ್ಷ. ಸಹಿ ಮಾಡಿದ್ರೆ ನಮ್ಮವರು ಕಾರನ್ನ ಪೂರ್ತಿ ಪರೀಕ್ಷೆ ಮಾಡ್ತಾರೆ, ಕೀಲಿ ಓದ್ತಾರೆ, ಎಲ್ಲಾ ನೇರ ಕಂಪನಿಯ ಕಂಪ್ಯೂಟರಿಗೆ ಹೋಗುತ್ತೆ.”

“ಕೀಲಿ ಓದೋದು ಅಂದ್ರೆ?” ನಾಚಿಮುತ್ತುವಿನ ಲೋಟ ಬಾಯಿಯ ಹತ್ತಿರ ನಿಂತಿತು.

“ಈ ಕೀಲಿ ಬರೀ ಕೀಲಿ ಅಲ್ಲ ಸಾರ್. ಕಾರು ಓಡ್ತಿರೋವಾಗ ಇದೂ ಬರ್ಕೊಳ್ತಾ ಇರುತ್ತೆ. ಕೊನೇ ಸಲ ಇದರಿಂದ ಕಾರು ಓಡಿದ್ದು ಯಾವತ್ತು, ಎಷ್ಟು ಗಂಟೇಲಿ ನಿಲ್ಸಿದ್ರು, ಆಗ ಎಷ್ಟು ಕಿಲೋಮೀಟರು ಆಗಿತ್ತು, ಎಲ್ಲ. ಕೆಲವರು ಮೀಟರನ್ನ ಹಿಂದಕ್ಕೆ ತಿರುಗಿಸಿ ವಾರಂಟಿ ಕೇಳೋಕೆ ಬರ್ತಾರೆ. ಕೀಲಿ ಸಿಕ್ಕಿಹಾಕಿಸುತ್ತೆ. ಅದಕ್ಕೇ ಎರಡೂ ಕೀಲಿ ಓದಬೇಕು ಅಂತ ರೂಲು. ಒಂದು ಕೆಟ್ಟಿದ್ರೆ ಇನ್ನೊಂದನ್ನಾದ್ರೂ ಓದಲೇಬೇಕು.”

ನಾಚಿಮುತ್ತು ಲೋಟವನ್ನು ಕೆಳಗಿಟ್ಟ. “ವಾರಂಟಿಯೇ ಬೇಡ. ಕಾರು ಮಾರ್ತಿದೀವಿ. ಕರೂರಿನವನು ಆರೂವರೆಗೆ ಇಲ್ಲಿಗೇ ಬರ್ತಾನೆ, ಓಡಿಸ್ಕೊಂಡು ಹೋಗ್ತಾನೆ. ಓಡಿಸೋರೇ ಇಲ್ಲದ ಕಾರಿಗೆ ಇನ್ನೂ ದುಡ್ಡು ಸುರೀಬೇಕಾ?”

“ವಾರಂಟಿ ಇದ್ರೆ ಕೊಳ್ಳೋರಿಗೂ ನಂಬಿಕೆ ಸಾರ್.”

“ನಂಬಿಕೆ ಅವನಿಗೆ ನನ್ನ ಮೇಲಿದೆ.”

ಇಷ್ಟು ಹೊತ್ತು ಕಿಟಕಿಯ ಪಕ್ಕ ಸುಮ್ಮನೆ ಕುಳಿತಿದ್ದ ಮುದುಕ ಕೆಮ್ಮಿದ. ಅವನು ವೆಳ್ಳಿಯಂಗಿರಿ. ವಿಮಾ ಕಂಪನಿಗಳ ಪರವಾಗಿ ಮೂವತ್ತು ವರ್ಷ ನುಜ್ಜುಗುಜ್ಜಾದ ವಾಹನಗಳನ್ನು ಪರೀಕ್ಷಿಸಿ ನಿವೃತ್ತನಾದ ಸರ್ವೇಯರ್. ಈಗ ಯಾರಾದರೂ ಕರೆದರೆ ಮನುಷ್ಯರ ವಿಷಯವನ್ನೂ ಅದೇ ರೀತಿ ಪರೀಕ್ಷಿಸುತ್ತಿದ್ದ. ವಸಂತಾಮಣಿ ಕರೆದಿದ್ದಳು. ಕಾರಿನ ಬೆಲೆ ಕಟ್ಟಲು ಬಂದವನು ಎಂದು ಅಣ್ಣನಿಗೆ ಹೇಳಿದ್ದಳು.

“ಮೊದಲು ಕಾರನ್ನ ಮೇಲ್ಮೇಲೆ ನೋಡ್ಲಿ ಬಿಡಿ ಸಾರ್,” ಎಂದ ವೆಳ್ಳಿಯಂಗಿರಿ. “ನೋಡೋಕೆ ದುಡ್ಡಿಲ್ವಲ್ಲ. ಬೆಲೆ ಕಟ್ಟೋಕೆ ನನಗೂ ಅನುಕೂಲ.”

ರೋಸ್ಲಿನ್ ಎದ್ದು ಹೋದಳು. ಅಷ್ಟರಲ್ಲಿ ನಾಚಿಮುತ್ತುವಿನ ಫೋನು ಬಡಿದುಕೊಂಡಿತು. ಕರೂರಿನವನೇ. ನಾಚಿಮುತ್ತು ಪಂಚೆ ಎತ್ತಿ ಕಟ್ಟಿ ಗಾಜಿನ ಬಾಗಿಲಾಚೆ ಹೋಗಿ ನಿಂತ. ಅವಿನಾಶಿ ರಸ್ತೆಯ ಗದ್ದಲಕ್ಕೆ ಒಂದು ಕಿವಿ ಮುಚ್ಚಿಕೊಂಡು ಮಾತಾಡತೊಡಗಿದ.

“ಈಗ ತೋರ್ಸಿಮ್ಮಾ,” ಎಂದ ವೆಳ್ಳಿಯಂಗಿರಿ.

ಅವಳು ಹಳದಿ ಬಟ್ಟೆ ಬಿಚ್ಚಿದಳು.

ಆ ಕೀಲಿ ಮೂರು ವರ್ಷದಿಂದ ದೇವರ ಕೋಣೆಯಲ್ಲಿ, ಮುರುಗನ ಪಟದ ಕೆಳಗಿನ ಮೊಳೆಯಲ್ಲಿತ್ತು. ಕಾರು ಮನೆಗೆ ಬಂದ ದಿನ ಗಂಧ ಕುಂಕುಮ ಹಚ್ಚಿ ನೇತುಹಾಕಿದ್ದು. ಆಮೇಲೆ ಯಾರೂ ಮುಟ್ಟಿಲ್ಲ ಎಂದೇ ಅವಳ ಎಣಿಕೆ. ಗಂಡ ಸತ್ತ ದಿನ ಆ ಕೋಣೆಯ ಬಾಗಿಲು ಹಾಕಿದರು. ನಿನ್ನೆ, ಹದಿನಾರನೆಯ ದಿನದ ಕರ್ಮ ಮುಗಿದು ಪುರೋಹಿತರು ನೀರು ಚಿಮುಕಿಸಿದ ಮೇಲೆಯೇ ಅವಳು ಅದನ್ನು ತೆರೆದದ್ದು.

ವೆಳ್ಳಿಯಂಗಿರಿ ಕೀಲಿಯನ್ನು ಅಂಚಿನಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದ. ಜೇಬಿನಿಂದ ಭೂತಗನ್ನಡಿ ತೆಗೆದ. ಬಹಳ ಹೊತ್ತು ನೋಡಿದ. ಅವನಿಗೆ ಅವಸರವೆಂಬುದೇ ಇರಲಿಲ್ಲ. ಬೆಳಗ್ಗೆಯೂ ಹಾಗೆಯೇ, ಕಾರನ್ನು ಓಡಿಸಿಕೊಂಡು ಬರುವುದೇ ಬೇಡ ಎಂದು ಹಟ ಹಿಡಿದಿದ್ದ. ಬ್ಯಾಟರಿ ಇಳಿದಿರಬಹುದು ಎಂಬ ನೆಪ ಹೇಳಿ, ಲಾರಿ ತರಿಸಿ, ಅದರ ಬೆನ್ನ ಮೇಲೆ ಕಾರನ್ನು ಹೊರಿಸಿ ತಂದಿದ್ದ.

“ನಿನ್ನೆ ಬಾಗಿಲು ತೆಗೆದಾಗ ಪಟದ ಗಾಜಿನ ಮೇಲೆ ಧೂಳಿತ್ತಾ?”

“ಇತ್ತು. ಬೆರಳಲ್ಲಿ ಬರೀಬಹುದಿತ್ತು.”

“ಕೀಲಿ ಮೇಲೆ?”

ಅವಳು ಯೋಚಿಸಿದಳು. ಯೋಚನೆ ಕೂಡ ದೂರದ ಯಾವುದೋ ಕೋಣೆಯಲ್ಲಿ ನಡೆದಂತಿತ್ತು. “ಇರ್ಲಿಲ್ಲ.”

“ಗಂಧ? ಕುಂಕುಮ?”

“ಅದೂ ಇರ್ಲಿಲ್ಲ.”

“ಈ ಗುಂಡಿ ಸುತ್ತ ಒಂದು ಗೆರೆ ಇದೆ ನೋಡಿ.” ಅವನು ಗಾಜನ್ನು ಅವಳ ಕಣ್ಣಿಗೆ ಹಿಡಿದ. ಕಪ್ಪು ಪ್ಲಾಸ್ಟಿಕ್ಕಿನ ಸಂದಿನಲ್ಲಿ ಕೂದಲೆಳೆಯಷ್ಟು ಹಳದಿ ಕಂಡಿತು.

“ಬಟ್ಟೆಯ ಬಣ್ಣ ಇರ್ಬೇಕು.”

“ನಾನೂ ಮೊದಲು ಹಾಗೇ ಅಂದ್ಕೊಂಡೆ. ಬಟ್ಟೆ ಬಣ್ಣ ಬಿಟ್ಟಿದ್ರೆ ಮೇಲಿರ್ಬೇಕು, ಸಂದಿಯ ಬುಡಕ್ಕೆ ಇಳೀತಿರ್ಲಿಲ್ಲ. ಇದು ನೀರಲ್ಲಿ ಹೋಗಿದ್ದು. ಅರಿಶಿನದ ನೀರು.” ಅವನು ಕೀಲಿಯನ್ನು ಬಟ್ಟೆಯ ಮೇಲೆ ಮೆಲ್ಲಗೆ ಇಟ್ಟ. “ಇದನ್ನ ಯಾರೋ ತೆಗೆದಿದಾರಮ್ಮಾ. ಮತ್ತೆ ತಂದಿಟ್ಟಿದಾರೆ. ಧೂಳು ಕೂತಿಲ್ಲ ಅಂದ್ರೆ ಇಟ್ಟಿದ್ದು ಈ ಹದಿನಾರು ದಿನದೊಳಗೆ. ಬೇರೆ ಯಾರಾದ್ರೂ ಆಗಿದ್ರೆ ಬೆರಳಚ್ಚು ಹೋಗ್ಲಿ ಅಂತ ಪಂಚೇಲಿ ಒರೆಸಿ ಹಾಕ್ತಿದ್ದ. ಇವನು ಅರಿಶಿನ ಕಲಸಿ ತೊಳೆದಿದಾನೆ. ಸಾವು ತಾಗಿದ ವಸ್ತುನ ಹಾಗೇ ಮುರುಗನ ಮುಂದೆ ಇಡೋಕೆ ಮನಸ್ಸು ಬರಲಿಲ್ಲ.”

ವಸಂತಾಮಣಿ ಹಳದಿ ಬಟ್ಟೆಯ ಅಂಚನ್ನು ಕೀಲಿಯ ಮೇಲೆ ಮಡಿಸಿದಳು.

“ನಿಮ್ಮನೇಲಿ ಆ ಹದಿನಾರು ದಿನ ದೇವರ ಕೋಣೆ ಹೊಸ್ತಿಲು ದಾಟಬಹುದಾದವರು ಯಾರು?”

ಮನೆಯ ತುಂಬ ಗಂಡನ ಕಡೆಯವರಿದ್ದರು. ಅಷ್ಟೂ ಜನರಿಗೆ ಸೂತಕ. ಪ್ರಾಣ ಹೋದರೂ ಅವರಲ್ಲಿ ಒಬ್ಬನೂ ಆ ಬಾಗಿಲು ತೆರೆಯುವವನಲ್ಲ. ಅಡುಗೆಯವಳು ಆ ಕಡೆ ಹೆಜ್ಜೆ ಇಟ್ಟವಳಲ್ಲ. ಸೂತಕವಿಲ್ಲದವರೆಂದರೆ ಹೆಣ್ಣು ಕೊಟ್ಟ ಕಡೆಯವರು. ಆ ಕಡೆಯಿಂದ ಬಂದು ಮನೆಯಲ್ಲೇ ಉಳಿದವನು ಒಬ್ಬನೇ.

ಅವಳು ಗಾಜಿನ ಬಾಗಿಲಾಚೆ ನೋಡಿದಳು. ಅಣ್ಣ ಬಿಸಿಲಿನಲ್ಲಿ ನಿಂತು, ಫೋನಿನಲ್ಲಿದ್ದ ಯಾರಿಗೋ ಕೈ ಬೀಸಿ ಬೀಸಿ ಏನನ್ನೋ ವಿವರಿಸುತ್ತಿದ್ದ. ಅವಳ ಐದನೆಯ ವಯಸ್ಸಿಗೆ ಅಪ್ಪ ಹೋದರು. ಸ್ಕೂಲಿಗೆ ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋದವನು, ಮದುವೆ ಮಾಡಿಕೊಟ್ಟವನು, ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ಗೊಣಗಿದಾಗ ಬಂದು ಜಗಳವಾಡಿದವನು, ಎಲ್ಲ ಇವನೇ. ಈಗ ಅವಳಿಗೆ ಉಳಿದವನೂ ಇವನೊಬ್ಬನೇ.

ಎದೆಯಲ್ಲಿ ಏನಾದರೂ ಆಗುತ್ತದೆಯೇ ಎಂದು ಅವಳು ಕಾದಳು. ಏನೂ ಆಗಲಿಲ್ಲ. ಹವಾನಿಯಂತ್ರಣದ ಗಾಳಿ ಮಾತ್ರ ಕುತ್ತಿಗೆಗೆ ತಾಗುತ್ತಿತ್ತು.

“ಇದು ಅಂದಾಜು ಅಷ್ಟೇ,” ಎಂದ ವೆಳ್ಳಿಯಂಗಿರಿ. “ನನ್ನ ಅಂದಾಜು ತಪ್ಪಿದ್ದೂ ಇದೆ. ಕೀಲಿ ಓದಿದ್ರೆ ಅಂದಾಜು ಬೇಕಾಗಲ್ಲ. ಮೊಳೆ ಬಿಟ್ಟು ಇಳಿದೇ ಇಲ್ಲ ಅಂದ್ರೆ ಕಾರು ಮನೆಗೆ ಬಂದ ದಿನದ ತಾರೀಖೇ ಇರುತ್ತೆ. ಆಗ ನಾನು ನಿಮ್ಮ ಅಣ್ಣನ ಕಾಲು ಮುಟ್ಟಿ ಕ್ಷಮೆ ಕೇಳ್ತೀನಿ.”

“ಸಹಿ ಮಾಡದಿದ್ರೆ?”

“ಕರೂರಿನವನು ಇದೇ ಕೀಲೀಲಿ ಕಾರು ಓಡಿಸ್ಕೊಂಡು ಹೋಗ್ತಾನೆ. ನೂರು ಮೀಟರು ಹೋದ್ರೆ ಸಾಕು, ಹಳೇದು ಅಳಿಸಿ ಹೋಗಿ ಹೊಸದು ಕೂರುತ್ತೆ. ಸಹಿ ಮಾಡಿದ್ರೆ ಕಂಪನಿ ಕಂಪ್ಯೂಟರಿಗೆ ಹೋಗುತ್ತೆ, ಆಮೇಲೆ ಯಾರೂ ತೆಗೆಯೋಕಾಗಲ್ಲ. ನೀವೂ ಕೂಡ.” ಅವನು ಭೂತಗನ್ನಡಿಯನ್ನು ಜೇಬಿಗಿಳಿಸಿದ. “ಇದನ್ನ ನಾನು ಹೇಳೋ ಹಾಗಿಲ್ಲಮ್ಮಾ. ತೀರ್ಮಾನ ನಿಮ್ಮದು.”

ನಾಚಿಮುತ್ತು ಒಳಗೆ ಬಂದ. ಹಿಂದೆಯೇ ರೋಸ್ಲಿನ್, ಕೈಯಲ್ಲಿ ಹಲಗೆಗೆ ಸಿಕ್ಕಿಸಿದ ಕಾಗದ.

“ಮೇಲ್ನೋಟಕ್ಕೆ ಕಾರು ಚೆನ್ನಾಗಿದೆ ಮೇಡಂ. ಮೀಟರಲ್ಲಿ ನಲವತ್ತೊಂದು ಸಾವಿರದ ಮುನ್ನೂರಾರು. ಸಹಿ ಮಾಡಿದ್ರೆ ಮುಂದಿಂದು ಶುರು ಮಾಡ್ತೀವಿ.”

“ಅವನು ಹೊರಟಾಯ್ತು, ದಾರೀಲಿದಾನಂತೆ,” ಎಂದ ನಾಚಿಮುತ್ತು. “ಕೀಲಿ ಕೊಡು ಅಮ್ಮಿಣಿ, ನನ್ನ ಹತ್ರ ಇರ್ಲಿ.”

ಅಮ್ಮಿಣಿ. ನಲವತ್ತೇಳು ವರ್ಷದವಳನ್ನು ಈಗಲೂ ಪುಟ್ಟ ಹುಡುಗಿಯಂತೆ ಹಾಗೆ ಕರೆಯುವವನು ಅವನೊಬ್ಬನೇ. ಚಾಚಿದ ಅವನ ಕೈಯನ್ನೇ ಅವಳು ನೋಡಿದಳು. ಬೆರಳ ತುದಿಗಳು ಕೊಬ್ಬರಿಯ ಎಣ್ಣೆಗೆ ಮಿನುಗುತ್ತಿದ್ದವು.

“ಈ ವಾರಂಟೀಲಿ ಯಾವುದು ಬರಲ್ಲ?” ಎಂದು ರೋಸ್ಲಿನ್‌ಳನ್ನು ಕೇಳಿದಳು.

“ಮೇಡಂ?”

“ಬರೋದೆಲ್ಲ ಹೇಳಿದಿರಿ. ಬರದೇ ಇರೋದು ಯಾವುದು?”

“ಟೈರು, ಗಾಜು, ಬ್ರೇಕಿನ ಪ್ಯಾಡು… ನೀರು ನುಗ್ಗಿ ಕೆಟ್ರೆ ಬರಲ್ಲ. ಮಾಲೀಕರೇ ಬೇಕಂತ ಹಾಳು ಮಾಡಿದ್ರೆ ಅದೂ ಬರಲ್ಲ.”

“ಕೇಳಿದೆಯಾ? ಕೆಡೋದು ಒಂದೂ ಅದರಲ್ಲಿ ಬರಲ್ಲ,” ಎಂದು ನಾಚಿಮುತ್ತು ನಗಲು ನೋಡಿದ. ನಗು ಹೊರಡಲಿಲ್ಲ.

ವಸಂತಾಮಣಿ ಪೆನ್ನು ಕೈಗೆತ್ತಿಕೊಂಡಳು. ಗಂಡ ಇದ್ದಿದ್ದರೆ ಒಂದು ಹಾಳೆ ತುಂಬ ಲೆಕ್ಕ ಹಾಕುತ್ತಿದ್ದ. ಪಂಪಿನ ಎರಕದ ಕಾರ್ಖಾನೆಯಲ್ಲಿ ಬಿರುಕು ಬಿಟ್ಟ ಎರಕಗಳನ್ನು ನೋಡಿ ನೋಡಿ, ಯಾವ ಲೋಹ ಎಷ್ಟು ದಿನ ತಡೆಯುತ್ತದೆ ಎಂದು ಹೇಳಬಲ್ಲವನಾಗಿದ್ದ. ಅವಳಿಗೆ ಅಂಥ ಲೆಕ್ಕ ಬಾರದು. ಅವಳಿಗೆ ಹೊಳೆದದ್ದು ಇಷ್ಟೇ: ಇದು ಕೆಡುವುದಕ್ಕೆ ಮೊದಲೇ, ಕೆಡುತ್ತದೆ ಎಂದು ಒಪ್ಪಿಕೊಂಡು ಹಾಕುವ ಸಹಿ.

“ಅಮ್ಮಿಣಿ, ಬೇಡ.”

ಧ್ವನಿ ಬದಲಾಗಿತ್ತು. ಬೆದರಿಕೆಯಿರಲಿಲ್ಲ, ಅಂಗಲಾಚುವಂತಿತ್ತು. ಅವಳು ತಲೆಯೆತ್ತಿದಳು.

“ಯಾಕೆ ಬೇಡ ಅಣ್ಣಾ?”

“ಬೇಡ ಅಂದ್ರೆ ಬೇಡ. ಇಷ್ಟು ವರ್ಷದಲ್ಲಿ ನಿನಗೆ ಕೆಟ್ಟದಾಗೋದನ್ನ ನಾನು ಒಂದು ಸಲವಾದ್ರೂ ಹೇಳಿದೀನಾ?”

“ಇಲ್ಲ.”

“ಮತ್ತೆ?”

ಅವಳು ಪೆನ್ನಿನ ಮುಚ್ಚಳ ತೆಗೆದಳು. ಧೈರ್ಯ ಬಂದಿತು ಎನ್ನಲೂ ಆಗದು. ಬೇಡ ಎನ್ನುವುದಕ್ಕೆ ಬೇಕಾಗುವ ಭಯ ಅವಳಲ್ಲಿ ಉಳಿದಿರಲಿಲ್ಲ, ಅಷ್ಟೇ. ರೋಸ್ಲಿನ್ ಬೊಟ್ಟು ಮಾಡಿದ ಜಾಗದಲ್ಲೆಲ್ಲ ಹೆಸರು ಬರೆದಳು. ಮೂರು ಕಡೆ. ಕೀಲಿಯನ್ನು ಬಟ್ಟೆಯ ಸಮೇತ ರೋಸ್ಲಿನ್‌ಳ ಕೈಗಿಟ್ಟಳು.

ನಾಚಿಮುತ್ತು ತಿರುಗಿದ. ಆ ಹುಡುಗಿಯ ಕೈಯಿಂದ ಕಿತ್ತುಕೊಳ್ಳುವನೇನೋ ಎಂಬಂತೆ ಎರಡು ಹೆಜ್ಜೆ ಇಟ್ಟ. ವೆಳ್ಳಿಯಂಗಿರಿ ಕಾಲು ಚಾಚಿ ಕುಳಿತಿದ್ದವನು ಚಾಚಿಯೇ ಇದ್ದ. ದಾಟಿ ಹೋಗಬೇಕಾದರೆ ಮುದುಕನನ್ನು ತುಳಿದೇ ಹೋಗಬೇಕಿತ್ತು. ನಾಚಿಮುತ್ತು ನಿಂತ. ರೋಸ್ಲಿನ್ ಒಳಬಾಗಿಲಿನಲ್ಲಿ ಮರೆಯಾದಳು.

ಹತ್ತು ನಿಮಿಷ ಕಳೆಯಿತು. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಹಿಮದ ರಸ್ತೆಯೊಂದರಲ್ಲಿ ಅದೇ ಮಾದರಿಯ ಕಾರು ಸದ್ದಿಲ್ಲದೆ ಓಡುತ್ತಿತ್ತು, ಮುಗಿದು ಮತ್ತೆ ಮೊದಲಿನಿಂದ ಓಡುತ್ತಿತ್ತು.

ರೋಸ್ಲಿನ್ ಒಂದು ಹಾಳೆ ಹಿಡಿದು ಬಂದಳು. “ಎಲ್ಲಾ ಸರಿ ಇದೆ ಮೇಡಂ. ಮೀಟರು ನಲವತ್ತೊಂದು ಮುನ್ನೂರಾರು, ಕೀಲೀಲೂ ಅದೇ. ತಾಳೆ ಆಯ್ತು. ವಾರಂಟಿ ಪಾಸ್.”

“ಕೊನೇ ಸಲ ಓಡಿದ್ದು?” ವೆಳ್ಳಿಯಂಗಿರಿ ಕೇಳಿದ.

“ಇದೇ ತಿಂಗಳು ಹನ್ನೊಂದು. ಕಾರು ನಿಲ್ಸಿದ್ದು ಬೆಳಗಿನ ಜಾವ ನಾಲ್ಕು ಮೂವತ್ತೆಂಟು.” ಆಮೇಲೆ ಅವಳಿಗೆ ಆ ತಾರೀಖು ಎಲ್ಲಿ ಕೇಳಿದ್ದು ಎಂದು ನೆನಪಾಗಿರಬೇಕು. ಮುಖ ಕೆಂಪಾಯಿತು. “ಸಾರಿ ಮೇಡಂ. ನಾನು… ರಸೀದಿ ಮಾಡಿಸ್ಕೊಂಡು ಬರ್ತೀನಿ,” ಎಂದು ಹೊರಟೇಹೋದಳು.

ಶವಪರೀಕ್ಷೆಯ ಪ್ರಕಾರ ದೈವಸಿಗಾಮಣಿ ಸತ್ತದ್ದು ಹನ್ನೊಂದರಂದು, ನಡುರಾತ್ರಿ ಕಳೆದು ಎರಡು ಗಂಟೆಯ ಸುಮಾರಿಗೆ. ಹೆಣ ಸಿಕ್ಕಿದ್ದು ಬೆಳಗ್ಗೆ ಆರೂವರೆಗೆ.

ವೆಳ್ಳಿಯಂಗಿರಿ ಪಾಠ ಒಪ್ಪಿಸುವವನಂತೆ ಹೇಳಿದ: “ಹೋಗೋವಾಗ ನಿಮ್ಮ ಯಜಮಾನರೇ ಓಡಿಸ್ಕೊಂಡು ಹೋಗಿದಾರೆ, ಅವರ ಕೀಲಿ ಅವರ ಜೇಬಲ್ಲೇ ಇತ್ತು. ಜೊತೆಗೆ ಒಬ್ಬರಿದ್ರು. ಯಜಮಾನರು ಬಾವೀಲಿ ಉಳಿದ್ರು. ಆ ಇನ್ನೊಬ್ಬರು ಈ ಕೀಲಿ ಹಾಕಿ ವಾಪಸ್ ಓಡಿಸ್ಕೊಂಡು ಬಂದು ಮನೆ ಮುಂದೆ ನಿಲ್ಸಿದ್ರು. ಈ ಕೀಲಿ ಜೊತೇಲಿ ತಗೊಂಡೇ ಹೋಗಿದ್ರು ಅಂದ್ರೆ, ಮೊದಲೇ ಯೋಚನೆ ಮಾಡಿದ್ರು ಅಂತ.”

ವಸಂತಾಮಣಿ ಅಣ್ಣನ ಕಡೆ ತಿರುಗಿದಳು. “ಆ ಕೀಲಿ ತೊಳೆದು ಮೊಳೆಗೆ ಹಾಕಿದ್ದು ನೀನಾ?”

ಅವನು ಇಲ್ಲವೆನ್ನುತ್ತಾನೆ ಎಂದುಕೊಂಡಿದ್ದಳು. ಕೂಗಾಡುತ್ತಾನೆ, ಮುದುಕನ ಕೊರಳಪಟ್ಟಿ ಹಿಡಿಯುತ್ತಾನೆ ಎಂದುಕೊಂಡಿದ್ದಳು. ನಾಚಿಮುತ್ತು ಸೋಫಾದಲ್ಲಿ ಕುಸಿದ.

“ನಾನೇ.”

“ಯಾವಾಗ?”

“ಮೂರನೇ ದಿನ. ದೀಪ ಹಚ್ತೀನಿ ಅಂತ ಒಳಗೆ ಹೋದೆ.”

“ನಮ್ಮನೆಯವರನ್ನ ಏನು ಮಾಡಿದೆ ಅಣ್ಣಾ?”

“ಮಾಪ್ಪಿಳ್ಳೆನಾ? ನಾನಾ?” ತಂಗಿಯ ಗಂಡನನ್ನು ಅವನು ಕರೆಯುತ್ತಿದ್ದದ್ದೇ ಹಾಗೆ. “ಅವತ್ತು ನಾನು ಪೊಳ್ಳಾಚೀಲಿದ್ದೆ ಅಮ್ಮಿಣಿ. ನಾಲ್ಕೂವರೆಗೆ ಮಾರ್ಕೆಟಲ್ಲಿ ಲೋಡು ಇಳಿಸ್ತಿದ್ದೆ, ನಲವತ್ತು ಜನ ನೋಡಿದಾರೆ. ಬೇಕಿದ್ರೆ ಇವರೇ ಹೋಗಿ ಕೇಳ್ಲಿ. ಸುದ್ದಿ ಬಂದ ಮೇಲೆ ಹೊರಟೆ, ಎಂಟಕ್ಕೆ ಬಂದೆ.”

“ಮತ್ತೆ ಕೀಲಿ ನಿನಗೆ ಎಲ್ಲಿ ಸಿಕ್ತು?”

ಅವನು ವೆಳ್ಳಿಯಂಗಿರಿಯನ್ನು ನೋಡಿದ. “ಇವರನ್ನ ಹೊರಗೆ ಕಳಿಸು.”

“ಇರ್ಲಿ. ಹೇಳು.”

“ಕಳಿಸು ಅಮ್ಮಿಣಿ, ನಿನಗೆ ಕೈ ಮುಗೀತೀನಿ.”

“ಹೇಳು ಅಣ್ಣಾ.”

ಅವನ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನ ಮೇಲೆ ಇಳಿದಿತ್ತು. ಅವನು ಅದನ್ನು ಒರೆಸಿಕೊಳ್ಳಲಿಲ್ಲ.

“ನಾನು ಬಂದಾಗ ನೀನು ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದೆ. ಬಲಗೈ ಮುಷ್ಟಿ ಕಟ್ಟಿತ್ತು. ನಾನು ಕೂತು ಒಂದೊಂದೇ ಬೆರಳು ಬಿಡಿಸ್ದೆ. ಐದೂ ಬೆರಳು. ಅದರೊಳಗಿತ್ತು.”

ಪರದೆಯ ಮೇಲಿನ ಕಾರು ಮುಗಿದು ಮತ್ತೆ ಶುರುವಾಯಿತು.

ವಸಂತಾಮಣಿಗೆ ಆ ಬೆಳಗು ನೆನಪಿತ್ತು. ಅಂದರೆ, ಅದರ ಒಂದು ಚೂರು. ಜ್ವರಕ್ಕೆ ಮಾತ್ರೆ ನುಂಗಿ ಮಲಗಿದ್ದೆ, ಫೋನು ಬಂದಾಗಲೇ ಎಚ್ಚರವಾದದ್ದು ಎಂದು ಪೊಲೀಸರಿಗೆ ಹೇಳಿದ್ದಳು. ನಿಜವೆಂದುಕೊಂಡೇ ಹೇಳಿದ್ದಳು. ಆಮೇಲೆ ಮೆಟ್ಟಿಲು. ಪಕ್ಕದಲ್ಲಿ ಅಣ್ಣ. ಅವನು ತನ್ನ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದ. ಸಮಾಧಾನಕ್ಕೆ ಹಿಡಿದುಕೊಂಡಿದ್ದಾನೆ ಎಂದು ಇಷ್ಟು ದಿನ ತಿಳಿದಿದ್ದಳು.

“ಅದಕ್ಕೇ ಕಾರು ಮಾರೋಣ ಅಂದೆ,” ಎಂದ ನಾಚಿಮುತ್ತು. “ಅದಕ್ಕೇ ಸಹಿ ಬೇಡ ಅಂದೆ. ಈಗ ಕಂಪ್ಯೂಟರಿಗೆ ಹೋಯ್ತಲ್ಲ, ಅಳಿಸು ನೋಡೋಣ.”

ಅವಳು ತನ್ನ ಬಲಗೈಯನ್ನು ಮೇಜಿನ ಮೇಲಿಟ್ಟು ನೋಡಿದಳು. ಮೂರು ಸಹಿ ಮಾಡಿದ ಕೈ. ಅದು ಇನ್ಯಾರದೋ ಎಂಬಂತೆ ಸುಮ್ಮನೆ ಬಿದ್ದಿತ್ತು.

ವೆಳ್ಳಿಯಂಗಿರಿ ಚಾಚಿದ್ದ ಕಾಲುಗಳನ್ನು ಎಳೆದುಕೊಂಡು ನೆಟ್ಟಗೆ ಕುಳಿತ. ಮೂವತ್ತು ವರ್ಷ ಜಜ್ಜಿದ ಲೋಹದ ಮುಂದೆ ನಿಂತು ಕೇಳುತ್ತಿದ್ದ ಪ್ರಶ್ನೆಗಳಂತೆಯೇ ಈ ಪ್ರಶ್ನೆಯಲ್ಲೂ ಏರಿಳಿತವಿರಲಿಲ್ಲ.

“ನಾನು ಮೊದಲನೇ ದಿನವೇ ಕೇಳ್ಬೇಕಿತ್ತಮ್ಮಾ. ನಿಮಗೆ ಕಾರು ಓಡಿಸೋಕೆ ಬರುತ್ತಾ?”

ಅಣ್ಣ ಕಣ್ಣು ಮುಚ್ಚಿಕೊಂಡ.

“ಬರುತ್ತೆ,” ಎಂದಳು ವಸಂತಾಮಣಿ.